ಪೆನ್ಸಿಲ್ಲಿನಲ್ಲಿ ಬರೆದ ತಾರೀಖು

ರೋಯ್‌ಎತ್ ಊರಿನ ವಲಸೆ ಕಚೇರಿಯ ಎದುರು, ರಸ್ತೆ ದಾಟಿದರೆ ಸಿಗುವ ಮೂರನೇ ಮಳಿಗೆ ಲಮೈಯದು. ಬಾಗಿಲ ಮೇಲಿನ ಫಲಕದಲ್ಲಿ 'ಜೆರಾಕ್ಸ್, ಫೋಟೊ, ಅರ್ಜಿ' ಎಂದು ಥಾಯ್ ಅಕ್ಷರಗಳಲ್ಲಿದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ 'ವೀಸಾ, ಚಿಂತೆ ಬೇಡ' ಎಂದಿದೆ. ಆ ಎರಡನೇ ಸಾಲನ್ನು ಜಂಬಕ್ಕೆ ಬರೆಸಿದ್ದಲ್ಲ ಎಂದು ಅವಳು ಕೇಳಿದವರಿಗೆಲ್ಲ ಹೇಳುತ್ತಾಳೆ. ಜಂಬಕ್ಕೇ ಬರೆಸಿದ್ದು. ಆದರೆ ಅವಳ ಜಂಬಕ್ಕೆ ಆಧಾರವಿತ್ತು: ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದು ಕಡತವೂ ಕಿಟಕಿಯಿಂದ ವಾಪಸ್ ಬಂದಿರಲಿಲ್ಲ.

ನಿವೃತ್ತಿಯ ಮೇಲೆ ಇಲ್ಲಿ ಬಂದು ನೆಲೆಸಿದ ಫರಂಗಿ ಮುದುಕರು ವರ್ಷಕ್ಕೊಮ್ಮೆ ತಮ್ಮ ವಾಸದ ಅನುಮತಿಯನ್ನು ಮುಂದುವರಿಸಿಕೊಳ್ಳಬೇಕು. ಹಡಗು ಓಡಿಸಿದವರು, ಪಾಠ ಹೇಳಿದವರು, ಒಂದು ಕಾಲಕ್ಕೆ ನೂರು ಜನರ ಮೇಲೆ ದರ್ಬಾರು ನಡೆಸಿದವರು, ಎಲ್ಲರೂ ಆ ಒಂದು ದಿನ ಲಮೈಯ ಮುಂದೆ ಕೈಕಟ್ಟಿ ಕೂರುತ್ತಾರೆ. ಅವಳು ಮೊದಲು ಪಾಸ್‌ಬುಕ್ ಇಸಿದುಕೊಂಡು ಕೊನೆಯ ಸಾಲು ನೋಡುತ್ತಾಳೆ. ಅದರಲ್ಲಿ ಇವತ್ತಿನ ತಾರೀಖು ಇಲ್ಲದಿದ್ದರೆ "ಬ್ಯಾಂಕಿಗೆ ಹೋಗಿ ಬನ್ನಿ, ಆಮೇಲೆ ಮಾತು" ಎಂದು ಎಬ್ಬಿಸಿ ಕಳಿಸುತ್ತಾಳೆ. ಪ್ರತಿ ಪುಟದ ಜೆರಾಕ್ಸಿಗೂ ನೀಲಿ ಇಂಕಿನಲ್ಲೇ ಸಹಿ. ಫೋಟೊಕ್ಕೆಂದು ಗೋಡೆಯ ಮೊಳೆಗೆ ಒಂದು ಕರಿ ಕೋಟು ನೇತುಹಾಕಿದ್ದಾಳೆ. ಸಣಕಲರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಸಿಕ್ಕಿಸುತ್ತಾಳೆ, ಡೊಳ್ಳು ಹೊಟ್ಟೆಯವರಿಗೆ ಗುಂಡಿ ಹಾಕುವುದಿಲ್ಲ. ಜಿಲ್ಲೆಯ ಅಷ್ಟೂ ಫರಂಗಿ ಮುದುಕರು ಸರ್ಕಾರಿ ಕಡತದಲ್ಲಿ ಒಂದೇ ಕೋಟಿನಲ್ಲಿದ್ದಾರೆ.

ಮನೆಗೆ ಹೋಗುವ ದಾರಿಯ ನಕ್ಷೆಯನ್ನು ಮಾತ್ರ ಅವಳು ಕೈಯಲ್ಲೇ ಬರೆಯುತ್ತಾಳೆ. ಬೇರೆಯವರು ಫೋನಿನ ನಕ್ಷೆಯನ್ನೇ ಪ್ರಿಂಟ್ ಹೊಡೆದು ಕೊಡುತ್ತಾರೆ ಎಂದರೆ ಅವಳಿಗೆ ನಗು. ಫೋನಿಗೆ ಯಾವ ಮನೆಯ ನಾಯಿ ಕಚ್ಚುತ್ತದೆ ಎಂದು ಗೊತ್ತೇ? ಅವಳ ನಕ್ಷೆಯಲ್ಲಿ ನಾಯಿ ಇರುತ್ತದೆ, ನೂಡಲ್ಸ್ ಗಾಡಿ ಇರುತ್ತದೆ, ಎಮ್ಮೆ ಕಟ್ಟುವ ಗೂಟ ಇರುತ್ತದೆ. ಮನೆ ತನಿಖೆಗೆ ಹೊರಟ ಅಧಿಕಾರಿಗಳು ಆ ನಕ್ಷೆ ನೋಡಿ ನಗುತ್ತಾರೆ, ಆಮೇಲೆ ಅದನ್ನೇ ಹಿಡಿದು ಹೋಗುತ್ತಾರೆ.

ಈ ವಿದ್ಯೆ ಅವಳಿಗೆ ಬಂದದ್ದು ಅಪ್ಪನಿಂದ. ತಾಲ್ಲೂಕು ಕಚೇರಿಯ ಮುಂದಿನ ಹುಣಸೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಊರವರ ಅರ್ಜಿ ಬರೆದುಕೊಟ್ಟೇ ಆತ ನಾಲ್ಕು ಮಕ್ಕಳನ್ನು ಸಾಕಿದ್ದ. "ಇದನ್ನ ಓದೋನು ಊಟಕ್ಕೆ ಏಳೋ ಹೊತ್ತು ಅಂತ ತಿಳ್ಕೊಂಡು ಬರಿ. ಹಾಳೆ ಎರಡು ಸಲ ಮಗುಚೋ ಹಾಗೆ ಮಾಡಿದ್ಯೋ, ನಾಳೆ ಬಾ ಅಂತಾನೆ" ಎಂದು ಹೇಳಿಕೊಟ್ಟಿದ್ದ. ಐವತ್ತೇಳನೇ ವಯಸ್ಸಿನಲ್ಲೂ ಲಮೈ ಕಡತ ಜೋಡಿಸುವಾಗ ಎದುರಿಗೆ ಒಬ್ಬ ಹಸಿದ ಗುಮಾಸ್ತನನ್ನು ಕಲ್ಪಿಸಿಕೊಳ್ಳುತ್ತಾಳೆ.

ಎಲ್ಲದರಲ್ಲೂ ಇಷ್ಟು ಖಡಕ್ಕಾದವಳು ಒಂದರಲ್ಲಿ ಮಾತ್ರ ಹಿಂಜರಿಯುತ್ತಿದ್ದಳು. ಕೆಲಸ ಮುಗಿದ ಮೇಲೆ ಪ್ರತಿ ಗಿರಾಕಿಯ ಕಡತದ ರಟ್ಟಿನ ಮೇಲೆ ಮುಂದಿನ ವರ್ಷ ಬರಬೇಕಾದ ತಾರೀಖನ್ನು ಬರೆದಿಡುತ್ತಿದ್ದಳು, ಆದರೆ ಪೆನ್ಸಿಲ್ಲಿನಲ್ಲಿ. ರಟ್ಟು ಮತ್ತೆ ಉಪಯೋಗಕ್ಕೆ ಬರಲಿ ಅಂತ ಎಂದು ಹೇಳುತ್ತಿದ್ದಳು. ನಿಜ ಬೇರೆ. ಅವಳ ಗಂಡ ಸನಿತ್ ಮೂತ್ರಪಿಂಡದ ಕಾಯಿಲೆಯಲ್ಲಿ ಮಲಗಿದಾಗ ಅವನ ಆಸ್ಪತ್ರೆಯ ತಾರೀಖುಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷದ ಕೊನೆಯವರೆಗೂ ಇಂಕಿನಲ್ಲಿ ಗುರುತು ಹಾಕಿದ್ದಳು. ಅವನು ಏಪ್ರಿಲ್‌ನಲ್ಲೇ ಹೋಗಿಬಿಟ್ಟ. ತಾರೀಖುಗಳು ಡಿಸೆಂಬರಿನ ತನಕ ಹಾಗೇ ಉಳಿದವು. ಅಂದಿನಿಂದ ಮುದುಕರ ತಾರೀಖನ್ನು ಇಂಕಿನಲ್ಲಿ ಬರೆಯಲು ಅವಳ ಕೈ ಬರಲಿಲ್ಲ. ಇದಾಗಿ ನಾಲ್ಕು ವರ್ಷ.

ನವೆಂಬರ್ ಇಪ್ಪತ್ತೊಂದು, ಶುಕ್ರವಾರ. ಬೆಳಿಗ್ಗೆ ಮಳಿಗೆ ತೆರೆಯುವ ಹೊತ್ತಿಗೇ ಹೆನ್ನಿಂಗ್ ಮತ್ತು ಅವನ ಹೆಂಡತಿ ಥೋಂಗ್‌ಬಾಯ್ ಬಂದು ಬೆಂಚಿನ ಮೇಲೆ ಕೂತಿದ್ದರು. ಆ ಬೆಂಚು ಮಾಡಿಕೊಟ್ಟವನೂ ಹೆನ್ನಿಂಗನೇ. ಡೆನ್ಮಾರ್ಕಿನ ಬಡಗಿ, ಎಪ್ಪತ್ತೊಂಬತ್ತು ವರ್ಷ. ಹನ್ನೊಂದು ವರ್ಷದಿಂದ ಇಲ್ಲಿದ್ದು, ಥೋಂಗ್‌ಬಾಯಳ ಹಳ್ಳಿಗೆಲ್ಲ ದೊಡ್ಡಪ್ಪನಾಗಿ 'ಲುಂಗ್ ಹೆನ್' ಅನ್ನಿಸಿಕೊಂಡವನು. ಆಗಸ್ಟಿನಲ್ಲಿ ಖೋನ್‌ಕೇನ್ ಆಸ್ಪತ್ರೆಯಲ್ಲಿ ಅವನ ಎದೆ ಸೀಳಿ ಹೊಲಿದಿದ್ದರು. ಮನೆಗೆ ಬಂದು ಅದು ಮಾಗುವಷ್ಟರಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲಿ ಮತ್ತೆ ಹದಿನೈದು ದಿನ ಅದೇ ಆಸ್ಪತ್ರೆಯಲ್ಲಿ ಮಲಗಿದ. ಬುಧವಾರ ಮನೆಗೆ ಬಂದಿದ್ದ. ಅನುಮತಿ ಮುಗಿಯುವುದು ಅದೇ ಶುಕ್ರವಾರ.

"ಏನ್ರೀ ಲುಂಗ್ ಹೆನ್, ಕೊನೇ ದಿನಕ್ಕೆ ಬಂದಿದೀರಲ್ಲ. ನನ್ನ ಎದೆ ಗಟ್ಟಿ ಇದ್ಯಾ ಅಂತ ಪರೀಕ್ಷೆ ಮಾಡ್ತೀರಾ?" ಎಂದಳು ಲಮೈ.

"ನನ್ನದು ಹರಿದು ಹೋಯ್ತು, ನಿನ್ನದು ಗಟ್ಟಿ ಇದೆ. ಅದಕ್ಕೇ ಬಂದೆ" ಎಂದ ಮುದುಕ. ಮಾತು ತಡವರಿಸಿದರೂ ತಮಾಷೆ ಬಿಟ್ಟಿರಲಿಲ್ಲ.

"ಇವತ್ತು ಆಗ್ಲಿಲ್ಲ ಅಂದ್ರೆ ಏನಾಗ್ತದೆ ಲಮೈ?" ಎಂದು ಥೋಂಗ್‌ಬಾಯ್ ಕೇಳಿದಳು. ಮುಖ ಬಾಡಿತ್ತು.

"ಹಳೇ ಅನುಮತಿ ಸತ್ತ ಹಾಗೆ. ದೇಶ ಬಿಟ್ಟು ಹೋಗಿ, ಹೊರಗಿಂದ ಮೊದಲನೇ ಕಾಗದದಿಂದ ಶುರು ಮಾಡ್ಬೇಕು."

"ಮೂರು ತಿಂಗಳು ವಿಮಾನ ಹತ್ತಬಾರದು, ಬಸ್ಸಲ್ಲೂ ದೂರ ಹೋಗಬಾರದು ಅಂದಿದಾರೆ ಡಾಕ್ಟ್ರು."

"ಅದಕ್ಕೇ ಇವತ್ತೇ ಆಗ್ತದೆ. ಫಲಕ ಓದಿಲ್ವಾ ಅಕ್ಕ? ಚಿಂತೆ ಬೇಡ ಅಂತ ದೊಡ್ಡದಾಗಿ ಬರ್ಸಿದೀನಿ."

ಅವಳು ಕೆಲಸಕ್ಕೆ ಕೂತಳು. ಬ್ಯಾಂಕಿನ ಪತ್ರ ಇತ್ತು, ಬೆಳಿಗ್ಗೆಯೇ ಬ್ಯಾಂಕಿನ ಯಂತ್ರದಲ್ಲಿ ಒತ್ತಿಸಿಕೊಂಡ ಪಾಸ್‌ಬುಕ್ಕಿನಲ್ಲಿ ಅಂದಿನ ತಾರೀಖಿತ್ತು. ಕೋಟು ಹೋದ ವರ್ಷ ಹೆನ್ನಿಂಗನಿಗೆ ಬಿಗಿಯಾಗಿತ್ತು. ಈ ಸಲ ಹಿಂದೆ ಮೂರು ಕ್ಲಿಪ್ಪು ಬೇಕಾಯಿತು. ಲಮೈ ಅದನ್ನು ನೋಡಿಯೂ ನೋಡದವಳಂತೆ ಫೋಟೊ ತೆಗೆದಳು.

"ಮನೆ ಪುಸ್ತಕ ಕೊಡಕ್ಕ."

ಮನೆಯ ಯಜಮಾನಿ ಯಾರು, ಅಲ್ಲಿ ಯಾರ್ಯಾರಿದ್ದಾರೆ ಎಂದು ಸರ್ಕಾರ ಬರೆದುಕೊಡುವ ನೀಲಿ ಪುಸ್ತಕ ಅದು. ಥೋಂಗ್‌ಬಾಯ್ ಕೈಚೀಲ ತಡಕಾಡುವ ಶಾಸ್ತ್ರ ಮಾಡಿದಳು. "ಮನೇಲೇ ಉಳೀತು. ಹೋದ ವರ್ಷದ ಜೆರಾಕ್ಸ್ ನಿನ್ನತ್ರ ಇರ್ತದಲ್ಲ, ಅದೇ ಹಾಕು."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಲಮೈ ಮನೆಗೆ ಓಡಿಸುತ್ತಿದ್ದಳು. ಆದರೆ ಹನ್ನೊಂದು ವರ್ಷದ ಪರಿಚಯ, ಮೂವತ್ತು ವರ್ಷದಿಂದ ಅದೇ ಮನೆ, ಅದೇ ಯಜಮಾನಿ. ಹಳೆಯ ಜೆರಾಕ್ಸನ್ನು ತೆಗೆದು ಇನ್ನೊಂದು ಪ್ರತಿ ಹೊಡೆದು 'ಮೂಲದಂತೆ ಸರಿಯಿದೆ' ಎಂಬ ಠಸ್ಸೆ ಒತ್ತಿ ಮುಂದಿಟ್ಟಳು. ಥೋಂಗ್‌ಬಾಯ್ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಳು, ಆಮೇಲೆ ಸರಕ್ಕನೆ ಒಂದು ಗೀಚು ಗೀಚಿದಳು. ಆ ತಡವರಿಕೆಯನ್ನು ಲಮೈ ಗಮನಿಸಿದಳು. ಗಂಡನ ಚಿಂತೆ, ಪಾಪ, ಎಂದುಕೊಂಡಳು.

ಹತ್ತೂವರೆಗೆ ಅವರ ಸರದಿ ಬಂತು. ಕಿಟಕಿಯಲ್ಲಿ ಪನ್ನರಾಯ್ ಇದ್ದಳು. ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದು ಎರಡೇ ತಿಂಗಳಾಗಿದ್ದ ತರುಣ ಅಧಿಕಾರಿ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವಳು. ಪ್ರತಿ ಸಾಲಿನ ಕೆಳಗೂ ಪೆನ್ನು ಓಡಿಸುತ್ತ, ಅಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುವುದು ಅವಳ ರೂಢಿ. ಹಿಂದಿನ ಸಾಲಿನಲ್ಲಿ ನಿಂತವರಿಗೆಲ್ಲ ಮುಂದಿನವರ ವಯಸ್ಸು, ಊರು, ಹೆಂಡತಿಯ ಹೆಸರು ಬಾಯಿಪಾಠವಾಗಿರುತ್ತಿತ್ತು. ಅವಳು ಓದುತ್ತ ಓದುತ್ತ ಕಂಪ್ಯೂಟರಿನಲ್ಲಿ ಮನೆಯ ನಂಬರು ಒತ್ತಿ, ನಿಂತಳು.

"ಪೀ ಲಮೈ, ಈ ಮನೆ ನಂಬರಿಗೆ ಯಜಮಾನಿ ಅಂತ ಬೇರೆ ಹೆಸರು ಬರ್ತಿದೆ."

ಕಚೇರಿಯಲ್ಲಿ ಕಿರಿಯರೆಲ್ಲ ಲಮೈಯನ್ನು 'ಪೀ', ಅಂದರೆ ಅಕ್ಕ, ಎಂದೇ ಕರೆಯುವುದು.

"ಸಾಧ್ಯ ಇಲ್ಲ ಮೇಡಂ. ಇನ್ನೊಂದ್ಸಲ ನೋಡಿ."

"ನೋಡ್ದೆ. ಮನೆ ಪುಸ್ತಕದ ಅಸಲು, ಯಜಮಾನಿಯ ಗುರುತಿನ ಚೀಟಿ, ಎರಡೂ ತನ್ನಿ. ಮೂರೂವರೆ ತನಕ ತಗೋತೀನಿ" ಎಂದು ಪನ್ನರಾಯ್ ಕಡತವನ್ನು ಕಿಟಕಿಯಿಂದ ಹೊರಗೆ ಸರಿಸಿದಳು. ತಪ್ಪೇನೂ ಅವಳದಲ್ಲ. ಕೆಲಸ ಬಲ್ಲ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ವಾಪಸ್ ಬಂದ ಕಡತವನ್ನು ಲಮೈ ಎದೆಗವಚಿಕೊಂಡು ರಸ್ತೆ ದಾಟಿದಳು. ಕಿವಿಯೆಲ್ಲ ಕಾದುಹೋಗಿತ್ತು. ಬೇರೆ ದಿನವಾಗಿದ್ದರೆ ಅವಳಿಗೆ ವಿಷಯ ತಕ್ಷಣ ಹೊಳೆಯುತ್ತಿತ್ತೇನೋ. ಅವಮಾನದಲ್ಲಿ ತಲೆ ಓಡಲಿಲ್ಲ, ಓಡಿದ್ದೂ ಕೆಟ್ಟ ದಾರಿಯಲ್ಲೇ ಓಡಿತು. ಹೆನ್ನಿಂಗನನ್ನು ಒಳಗೆ ಫ್ಯಾನಿನ ಕೆಳಗೆ ಕೂರಿಸಿ, ಹೆಂಡತಿಯನ್ನು ಜೆರಾಕ್ಸ್ ಯಂತ್ರದ ಹಿಂದಕ್ಕೆ ಎಳೆದುಕೊಂಡು ಹೋದಳು.

"ಮನೆ ಮಾರಿಬಿಟ್ಯಾ ಅಕ್ಕ? ನಿಜ ಹೇಳು. ಆಸ್ಪತ್ರೆ ಖರ್ಚಿಗೆ ಮಾರಿದ್ಯಾ?"

ಥೋಂಗ್‌ಬಾಯ್ ಇಲ್ಲವೆಂದು ತಲೆಯಾಡಿಸಿದಳು.

"ಮಗಳ ಹೆಸರಿಗೆ ಮಾಡಿದ್ಯಾ?"

ಮತ್ತೆ ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು, ತುಟಿ ಮಾತ್ರ ಬೀಗ ಹಾಕಿದ ಹಾಗಿತ್ತು.

"ಬಾಯಿ ಬಿಡಕ್ಕ! ಒಳಗೆ ಕೂತಿರೋದು ನಿನ್ನ ಗಂಡನೋ ನನ್ನ ಗಂಡನೋ?"

ಥೋಂಗ್‌ಬಾಯ್ ಅವಳ ಮಣಿಕಟ್ಟು ಹಿಡಿದು ಪಿಸುಗುಟ್ಟಿದಳು. "ಇಲ್ಲಿ ಬೇಡ. ಅವ್ರಿಗೆ ಕೇಳಿಸ್ತದೆ. ಮನೆಗೆ ಬಾ, ತೋರಿಸ್ತೀನಿ."

ಹೆನ್ನಿಂಗ್ ಫ್ಯಾನಿನ ಕೆಳಗಿನಿಂದ ಕೂಗಿದ. "ಏನಾಯ್ತು?"

"ಏನಿಲ್ಲ ಲುಂಗ್. ಒಂದು ಕಾಗದ ಮರ್ತಿದೀವಿ. ತರ್ತೀವಿ."

"ನೀನು ಮರೆತ್ಯಾ?"

ಲಮೈ ಸ್ಕೂಟರಿನ ಕೀಲಿ ಎತ್ತಿಕೊಂಡಳು. "ಹೂಂ. ನಾನೇ ಮರ್ತೆ."

ಮುದುಕ ಹುಬ್ಬೇರಿಸಿದ, ಮತ್ತೇನೂ ಕೇಳಲಿಲ್ಲ. ಪಕ್ಕದ ಪಪ್ಪಾಯ ಸಲಾಡಿನ ಅಂಗಡಿಯವಳಿಗೆ "ಇವ್ರ ಮೇಲೊಂದು ಕಣ್ಣಿಡು, ಖಾರದ್ದು ಮಾತ್ರ ಏನೂ ತಿನ್ನಿಸ್ಬೇಡ" ಎಂದು ಹೇಳಿ ಲಮೈ ಸ್ಕೂಟರ್ ಹತ್ತಿದಳು.

ಹದಿನೆಂಟು ಕಿಲೋಮೀಟರ್. ಭತ್ತದ ಕೊಯ್ಲು ನಡೆದಿತ್ತು. ಅರ್ಧ ರಸ್ತೆಗೆ ಭತ್ತ ಹರವಿ ಒಣಹಾಕಿದ್ದರಿಂದ ಉಳಿದ ಅರ್ಧದಲ್ಲಿ ಎದುರು ಬದುರು ವಾಹನ ಓಡಾಡಬೇಕಿತ್ತು. ಲಮೈ ತನ್ನ ನಕ್ಷೆಯ ಗುರುತುಗಳನ್ನೇ ಎಣಿಸುತ್ತ ಹೋದಳು: ಅಕ್ಕಿ ಗಿರಣಿ, ಕಚ್ಚುವ ನಾಯಿ, ಎರಡು ತೆಂಗಿನ ಮರ. ಎಲ್ಲವೂ ಇದ್ದಲ್ಲೇ ಇದ್ದವು. ಮನೆಯೂ ಇದ್ದಲ್ಲೇ ಇತ್ತು.

ಒಳಗೆ ಕಾಲಿಟ್ಟೊಡನೆ ಅವಳ ಕಣ್ಣಿಗೆ ಬಿದ್ದದ್ದು ಅಡುಗೆಮನೆ ಬಾಗಿಲಿನ ಚೌಕಟ್ಟಿನ ಹಿಂಬದಿ. ಹೆನ್ನಿಂಗ್ ನಯವಾಗಿ ಉಜ್ಜಿ ಎಣ್ಣೆ ಕುಡಿಸಿದ್ದ ಮರದ ಮೇಲೆ ಇದ್ದಿಲಿನ ಗೀಟುಗಳು, ಐದೈದರ ಕಟ್ಟು ಮಾಡಿ, ಸೊಂಟದೆತ್ತರದಿಂದ ನೆಲದ ತನಕ. ಥೋಂಗ್‌ಬಾಯ್ ಬುದ್ಧನ ಪೀಠದ ಮೇಲಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿ, ಮೊದಲು ಕೈಮುಗಿದು, ಆಮೇಲೆ ಮುಚ್ಚಳ ತೆಗೆದಳು. ನೀಲಿ ಪುಸ್ತಕ. ಹೊಸ ಗುರುತಿನ ಚೀಟಿ. ಅದರ ಕೆಳಗೆ ತಾಲ್ಲೂಕು ಕಚೇರಿಯ ಮೊಹರಿದ್ದ ಒಂದು ಹಾಳೆ. ಲಮೈ ಮೊದಲ ಸಾಲು ಓದಿ ಹಣೆ ಚಚ್ಚಿಕೊಂಡಳು.

"ಹೆಸರು ಬದಲಾಯಿಸ್ಕೊಂಡ್ಯಾ!"

ಅರವತ್ತೆರಡು ವರ್ಷ ಥೋಂಗ್‌ಬಾಯ್ ಆಗಿದ್ದವಳು ಆಗಸ್ಟ್ ಹದಿನೆಂಟರಿಂದ ಸರ್ಕಾರದ ಲೆಕ್ಕದಲ್ಲಿ ಇನ್ನಾರೋ ಆಗಿದ್ದಳು. ಅದರಲ್ಲಿ ಆಶ್ಚರ್ಯವೇನಿಲ್ಲ. ಪರೀಕ್ಷೆ ಪಾಸಾಗಲಿಲ್ಲವೆಂದು, ವ್ಯಾಪಾರ ಹತ್ತಲಿಲ್ಲವೆಂದು, ಗಂಡು ಸಿಗಲಿಲ್ಲವೆಂದು ಜನ ಹೆಸರು ಬದಲಾಯಿಸಿಕೊಳ್ಳುತ್ತಲೇ ಇರುತ್ತಾರೆ. ಲಮೈಯೇ ಅಂಥ ನೂರು ಅರ್ಜಿ ಬರೆದುಕೊಟ್ಟಿದ್ದಾಳೆ.

"ಅವ್ರ ಆಪರೇಷನ್ನಿಗೆ ಮುಂಚೆ ನಮ್ಮ ಗುಡಿಯ ಹಿರೇ ಭಿಕ್ಷುಗಳ ಹತ್ರ ಹೋಗಿದ್ದೆ" ಎಂದಳು ಥೋಂಗ್‌ಬಾಯ್. ಬೀಗ ತೆಗೆದ ಮೇಲೆ ಮಾತು ನಿಲ್ಲಲಿಲ್ಲ. "ಶನಿವಾರ ಹುಟ್ಟಿದವಳಿಗೆ ಈ ಹೆಸರು ಹೊಂದಲ್ಲ, ಒಂದೇ ಸೂರಿನ ಕೆಳಗಿರೋರ ಆಯಸ್ಸು ತಿಂತದೆ ಅಂದ್ರು. ಮೊದಲ್ನೇ ಗಂಡನೂ ಹೋದ್ನಲ್ಲ, ಗೊತ್ತಲ್ಲ ನಿಂಗೆ. ಹೊಸ ಹೆಸರು ಅವ್ರೇ ಕೊಟ್ರು. ಅದು ಬೇರು ಬಿಡೋ ತನಕ, ತೊಂಬತ್ತೊಂಬತ್ತು ದಿನ, ನಿನ್ನ ಗಂಡನ ಕಿವಿಗೆ ಬೀಳಬಾರದು, ಯಾರ ಬಾಯಿಂದಲೂ ಬೀಳಬಾರದು ಅಂದ್ರು. ಇವತ್ತಿಗೆ ತೊಂಬತ್ತಾರು. ಸೋಮವಾರ ಮುಗೀತದೆ."

"ಅವರನ್ನ ಉಳಿಸ್ಕೊಳ್ಳೋಕೆ ಅಂತ ಹೆಸರು ಬದಲಾಯಿಸಿ, ಅದೇ ಹೆಸರಿಂದ ದೇಶ ಬಿಡಿಸ್ತಿದ್ಯಲ್ಲಕ್ಕ! ನನ್ನ ಕೈಗಾದ್ರೂ ಈ ಕಾಗದ ಕೊಡಬಾರದಿತ್ತಾ? ನಾನೇನು ನಿನ್ನ ಗಂಡನಾ?"

"ನಿನ್ನ ಬಾಯಿ ಸುಮ್ನಿರ್ತದಾ?"

ಲಮೈ ಕೈಯಲ್ಲಿದ್ದ ಹಾಳೆಯನ್ನು ಮಡಚಿದಳು. ಥೋಂಗ್‌ಬಾಯ್ ಹೆಗಲ ಮೇಲಿನ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು ಕೇಳಿದಳು. "ಬೈ, ಎಷ್ಟು ಬೇಕಾದ್ರೂ ಬೈ. ನೀನಾಗಿದ್ರೆ ಮಾಡ್ತಿರಲಿಲ್ವಾ?"

ಲಮೈ ಮಾಡಿರಲಿಲ್ಲ. ಸನಿತ್ ಮಲಗಿದ್ದಾಗ ಅವಳ ಅತ್ತೆ ಇಂಥದೇ ಮಾತು ತಂದಿದ್ದಳು. ಭಿಕ್ಷುಗಳನ್ನು ಕೇಳಿದೀನಿ, ನಿನ್ನ ಹೆಸರು ಬದಲಾಯಿಸ್ಕೋ, ಒಂದು ಹಾಳೆ ಕಾಗದದ ಕೆಲಸ ತಾನೆ ಎಂದು. ಒಂದು ಹಾಳೆಯೇ? ಲಮೈ ಬೆರಳು ಮಡಚಿ ತೋರಿಸಿದ್ದಳು: ಗುರುತಿನ ಚೀಟಿ, ಮನೆ ಪುಸ್ತಕ, ಬ್ಯಾಂಕು, ಮಳಿಗೆಯ ಲೈಸೆನ್ಸು, ಸ್ಕೂಟರ್, ಹೊಲದ ಪತ್ರ, ಒಟ್ಟು ಹನ್ನೊಂದು ಕಾಗದ. ನಕ್ಕಿದ್ದಳು ಕೂಡ. ಎರಡು ತಿಂಗಳಲ್ಲಿ ಸನಿತ್ ಹೋದ. ಹೆಸರಿಗೂ ಮೂತ್ರಪಿಂಡಕ್ಕೂ ಏನೂ ಸಂಬಂಧವಿಲ್ಲವೆಂದು ಅವಳಿಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಆದರೂ ಹನ್ನೊಂದು ಕಾಗದವನ್ನು ಎಣಿಸಿದ ಆ ಬೆರಳುಗಳನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತದೆ. ಊರಿನ ಮುದುಕರ ಕಾಗದವನ್ನೆಲ್ಲ ಮಾಡಿಕೊಟ್ಟವಳು ತನ್ನ ಗಂಡನಿಗೆಂದು ಆ ಹನ್ನೊಂದನ್ನು ಮಾಡಲಿಲ್ಲವಲ್ಲ ಎಂಬ ಸಂಕಟ ನಾಲ್ಕು ವರ್ಷದಿಂದ ಎದೆಯಲ್ಲಿ ಕೂತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಮೂಗು ಸೊರ್ರನೆ ಎಳೆದುಕೊಂಡು ಕಾಗದಗಳನ್ನು ಮತ್ತೆ ಡಬ್ಬಿಗೆ ಹಾಕಿದಳು.

"ಕಿವಿಗೆ ಬೀಳಬಾರದು ಅಂದ್ರು, ಅಲ್ವಾ? ಕಣ್ಣಿಗೆ ಬಿದ್ರೆ?"

"ಅದರ ಬಗ್ಗೆ ಏನೂ ಅನ್ಲಿಲ್ಲ. ಅವ್ರಿಗೆ ನಮ್ಮಕ್ಷರ ಓದೋಕೆ ಬರಲ್ವಲ್ಲ."

"ಹಾಗಾದ್ರೆ ಏಳು. ಸೋಮವಾರದ ತನಕ ನಿನ್ನ ಹರಕೆ ನನ್ನ ಜವಾಬ್ದಾರಿ. ಕಾಗದ ಮಾತಾಡ್ಲಿ, ನಾವು ಬಾಯಿ ಮುಚ್ಕೊಂಡಿರೋಣ."

ಹನ್ನೆರಡೂವರೆಗೆ ಮಳಿಗೆಗೆ ವಾಪಸಾದರು. ಹೆನ್ನಿಂಗ್ ಗೋಡೆಗೊರಗಿ ನಿದ್ದೆ ಹೋಗಿದ್ದ. ಸಲಾಡಿನವಳು ಅವನ ಮಡಿಲಲ್ಲಿ ಒಂದು ಪೊಟ್ಟಣ ಅಂಟನ್ನ, ಸುಟ್ಟ ಕೋಳಿಯ ತುಂಡು ಇಟ್ಟು ಹೋಗಿದ್ದಳು. ಲಮೈ ಊಟದ ಆಸೆ ಬಿಟ್ಟು ಮೊದಲ ಹಾಳೆಯಿಂದ ಶುರು ಮಾಡಿದಳು. ಮನೆ ಪುಸ್ತಕದ ಹೊಸ ಪ್ರತಿ, ಹೊಸ ಚೀಟಿಯ ಪ್ರತಿ, ಹೆಸರು ಬದಲಾವಣೆಯ ಪ್ರತಿ, ವಾಸದ ವಿಳಾಸದ ಅರ್ಜಿ ಹೊಸದಾಗಿ. ಹೊಸ ಹೆಸರು ಬರೆಯಬೇಕಾದ ಕಡೆಯೆಲ್ಲ ತುಟಿ ಕೂಡ ಅಲ್ಲಾಡದಂತೆ ಬರೆದಳು. ಬರೆಯುವಾಗ ಗುನುಗುವುದು ಅವಳ ಅಭ್ಯಾಸ. ಆವತ್ತು ಹಲ್ಲುಗಳ ನಡುವೆ ಪೆನ್ನಿನ ಮುಚ್ಚಳ ಕಚ್ಚಿಕೊಂಡಿದ್ದಳು. ಕೊನೆಗೆ ನಕ್ಷೆ. ಗಿರಣಿ, ನಾಯಿ, ಎರಡು ತೆಂಗು, ಅದರ ಪಕ್ಕದ ಮನೆಗೆ ಹೊಸ ಯಜಮಾನಿಯ ಹೆಸರು.

ಆಗ ಅವಳಿಗೆ ಪನ್ನರಾಯ್ ನೆನಪಾದಳು. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದುವ ಪನ್ನರಾಯ್.

ಹೆನ್ನಿಂಗ್ ಬರದೆ ಕಡತ ತೆಗೆದುಕೊಳ್ಳುವುದಿಲ್ಲ. ಅವನು ಎದುರಿಗೇ ಕೂತಿರಬೇಕು, ಅವನ ಮುಖ ನೋಡಬೇಕು, ಪ್ರಶ್ನೆ ಕೇಳಬೇಕು. ಹೆಸರನ್ನು ಅವಳು ಓದಿಯೇ ಓದುತ್ತಾಳೆ. ಅಪ್ಪನಾಗಿದ್ದರೆ ಏನು ಮಾಡುತ್ತಿದ್ದ? ಓದುವವನ ಕಣ್ಣು ಮೊದಲು ಎಲ್ಲಿ ಬೀಳುತ್ತದೋ ಅಲ್ಲಿ ಬರೆ ಎನ್ನುತ್ತಿದ್ದ. ಲಮೈ ಒಂದು ಹಳದಿ ಚೀಟಿ ಹರಿದು, ಇಡೀ ಕಡತದ ಮೇಲೆ, ಮೊದಲ ಹಾಳೆಯ ನೆತ್ತಿಗೆ ಅಂಟಿಸಿದಳು. ಅದರ ಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು: 'ಮೇಡಂ, ದಯವಿಟ್ಟು ಯಜಮಾನಿಯ ಹೆಸರನ್ನು ಗಟ್ಟಿಯಾಗಿ ಓದಬೇಡಿ. ಗಂಡ ಎದುರಿಗಿದ್ದಾರೆ. ಹೊಸ ಹೆಸರಿಗೆ ಸೋಮವಾರ ತೊಂಬತ್ತೊಂಬತ್ತು ದಿನ ತುಂಬುತ್ತದೆ.'

ಎರಡು ಗಂಟೆ ಹತ್ತು ನಿಮಿಷಕ್ಕೆ ಪನ್ನರಾಯ್ ಕಡತ ತೆಗೆದುಕೊಂಡಳು. ಪೆನ್ನು ಮೇಲೆತ್ತಿದಳು, ಬಾಯಿ ತೆರೆದಳು, ಹಳದಿ ಚೀಟಿ ನೋಡಿದಳು, ಬಾಯಿ ಮುಚ್ಚಿದಳು. ಕಿಟಕಿಯ ಈಚೆ ಮೂವರೂ ಉಸಿರು ಬಿಗಿಹಿಡಿದಿದ್ದರು. ಹೆನ್ನಿಂಗನಿಗೆ ಯಾಕೆಂದು ಗೊತ್ತಿರಲಿಲ್ಲ, ಉಳಿದವರು ಹಿಡಿದದ್ದು ನೋಡಿ ತಾನೂ ಹಿಡಿದಿದ್ದ. ಪೆನ್ನು ಸದ್ದಿಲ್ಲದೆ ಸಾಲು ಸಾಲಾಗಿ ಇಳಿಯಿತು. ಮನೆ ನಂಬರು ಒತ್ತಿ, ಪುಸ್ತಕ ನೋಡಿ, ಚೀಟಿ ನೋಡಿ, ತಲೆಯೆತ್ತದೆಯೇ ಕೇಳಿದಳು.

"ಯಾವ ಗುಡಿ?"

"ಇವ್ರ ಊರಿಂದೇ ಮೇಡಂ. ಹಿರೇ ಭಿಕ್ಷುಗಳು."

"ನಮ್ಮಮ್ಮ ನನಗೆ ಎರಡು ಸಲ ಮಾಡ್ಸಿದ್ಲು. ಒಂದು ಪರೀಕ್ಷೆಗೆ, ಒಂದು ಮದುವೆಗೆ" ಎಂದಳು ಪನ್ನರಾಯ್. "ಪರೀಕ್ಷೆದು ಫಲಿಸ್ತು."

ಲಮೈಗೆ ನಗು ಬಂತು, ನಗಲಿಲ್ಲ. ಇನ್ನೂ ಒಂದು ಪ್ರಶ್ನೆ ಬಾಕಿಯಿತ್ತು. ಅದನ್ನು ಅರ್ಜಿದಾರನನ್ನೇ ಕೇಳಬೇಕು, ಅವನೇ ಹೇಳಬೇಕು. ಪನ್ನರಾಯ್ ಹೆನ್ನಿಂಗನ ಕಡೆ ತಿರುಗಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿದಳು. "ಲುಂಗ್, ನೀವಿರೋ ಮನೆಯ ಯಜಮಾನಿ ಯಾರು?"

ಹೆನ್ನಿಂಗ್ ಹೆಬ್ಬೆರಳಿನಿಂದ ಪಕ್ಕಕ್ಕೆ ತೋರಿಸಿದ. "ಯಾಯ್."

ಯಾಯ್ ಅಂದರೆ ಅಜ್ಜಿ. ಮೊಮ್ಮಕ್ಕಳು ಕರೆಯುವುದನ್ನು ಕೇಳಿ ಕೇಳಿ ಅವನೂ ಹಾಗೇ ಕರೆಯುತ್ತಿದ್ದ. ಸಾಲಿನಲ್ಲಿ ನಿಂತವರು ನಕ್ಕರು.

"ಅದಲ್ಲ ಲುಂಗ್. ಹೆಸರು ಹೇಳಿ."

ಹಳೆಯ ಹೆಸರು ಹೇಳಿದರೆ ಕಾಗದಕ್ಕೆ ತಾಳೆಯಾಗುವುದಿಲ್ಲ. ಹೊಸದು ಅವನಿಗೆ ಗೊತ್ತಿಲ್ಲ. ಇದೊಂದನ್ನು ತಾನು ಯೋಚಿಸಿಯೇ ಇರಲಿಲ್ಲವಲ್ಲ ಎಂದು ಲಮೈ ತನ್ನನ್ನೇ ಬೈದುಕೊಂಡಳು. ಥೋಂಗ್‌ಬಾಯ್ ಕಣ್ಣು ಮುಚ್ಚಿಕೊಂಡಿದ್ದಳು.

ಹೆನ್ನಿಂಗ್ ಹೆಂಡತಿಯ ಮುಖ ನೋಡಿದ, ಆಮೇಲೆ ಅಧಿಕಾರಿಯ ಮುಖ.

"ಹಳೇದು ಬೇಡ ಅಲ್ವಾ?" ಎಂದ. "ಹೊಸದು ಸೋಮವಾರ ಹೇಳ್ತಾಳೆ."

ಥೋಂಗ್‌ಬಾಯ್ ಕಣ್ಣು ಬಿಟ್ಟಳು.

"ಅಡುಗೆಮನೆ ಬಾಗಿಲ ಹಿಂದೆ ದಿನಾ ಒಂದು ಗೀಟು" ಎಂದ ಮುದುಕ, ಪದ ಹುಡುಕುತ್ತ ಹುಡುಕುತ್ತ. "ನಾನು ಬಡಗಿ. ನನ್ನ ಮರದ ಮೇಲೆ ಇದ್ದಿಲು ಬಿದ್ರೆ ನನಗ್ ಗೊತ್ತಾಗಲ್ವಾ? ಕ್ಯಾಲೆಂಡರಲ್ಲಿ ಸೋಮವಾರಕ್ಕೆ ಕೆಂಪು ಸುತ್ತು. ಒಂದು ದಿನ ಇವಳ ಚೀಲದಲ್ಲಿ ಹೊಸ ಚೀಟಿ, ಹೊಸ ಫೋಟೊ. ಹಳೇ ಚೀಟಿ ಮೇಲಿದ್ದ ಹೆಸರು ನನಗೆ ಚಿತ್ರದ ಹಾಗೆ ಗೊತ್ತು. ಇದು ಬೇರೆ ಚಿತ್ರ. ನನಗೋಸ್ಕರ ಏನೋ ಮಾಡ್ತಿದಾಳೆ. ಕೇಳಿದ್ರೆ ಕೆಟ್ಟೋಗ್ತದೆ ಅನ್ನಿಸ್ತು. ಕೇಳ್ಲಿಲ್ಲ."

ಪನ್ನರಾಯ್ ಒಂದು ಕ್ಷಣ ಪೆನ್ನಿನ ತುದಿಯನ್ನು ಗಲ್ಲಕ್ಕೆ ಕುಟ್ಟಿಕೊಂಡಳು. ಆಮೇಲೆ ಹೊಸ ಗುರುತಿನ ಚೀಟಿ ಎತ್ತಿ ಅವನ ಮುಂದೆ ಹಿಡಿದಳು. "ಈ ಫೋಟೊದಲ್ಲಿರೋದು ಯಾರು?"

"ಯಾಯ್."

"ಈ ಕಾಗದದಲ್ಲಿರೋ ಯಜಮಾನಿ ಇವ್ರೇ ತಾನೆ?"

"ಇನ್ಯಾರು? ಬೇರೆ ಯಾರಾದ್ರೂ ಇದ್ರೆ ನಾನು ಇಷ್ಟು ಕಷ್ಟಪಟ್ಟು ಬದುಕ್ತಿದ್ನಾ?"

ಮೊಹರು ಬಿದ್ದ ಸದ್ದು ಲಮೈಗೆ ಹತ್ತೊಂಬತ್ತು ವರ್ಷದಿಂದ ಪರಿಚಯ. ಆವತ್ತು ಮಾತ್ರ ಅದನ್ನು ಕೇಳಿದಾಗ ಕಿಟಕಿಯ ಹಲಗೆ ಹಿಡಿದುಕೊಂಡಳು.

ಹೊರಗೆ ಮೆಟ್ಟಿಲ ಮೇಲೆ ಥೋಂಗ್‌ಬಾಯ್ ಗಂಡನ ತೋಳಿಗೆ ರಪ್ಪನೆ ಹೊಡೆದಳು. "ಗೊತ್ತಿದ್ದೂ ಸುಮ್ನಿದ್ರಾ? ನಾನು ಮೂರು ತಿಂಗಳು ಮಲಗಿದಲ್ಲೂ ತುಟಿ ಕಚ್ಕೊಂಡು ಮಲಗಿದೀನಿ!"

"ಅದಕ್ಕೇ ಆ ಮೂರು ತಿಂಗಳು ಮನೆ ಅಷ್ಟು ಶಾಂತವಾಗಿತ್ತು" ಎಂದ ಅವನು. ಅವಳು ಇನ್ನೊಂದು ಹೊಡೆದಳು, ಆಮೇಲೆ ಅದೇ ತೋಳು ಹಿಡಿದುಕೊಂಡು ಅತ್ತಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಮತ್ತೆ ಬಂದರು. ಭಿಕ್ಷುಗಳಿಗೆ ಅನ್ನ ನೀಡಿ ನೇರವಾಗಿ ಬಂದಿದ್ದರು. ಥೋಂಗ್‌ಬಾಯ್ ಕೈಯಲ್ಲಿ ಬಾಳೆಲೆಯಲ್ಲಿ ಬೇಯಿಸಿದ ಮೀನಿನ ಪೊಟ್ಟಣವಿತ್ತು, ಅದು ಲಮೈಗೆ. ಹೆನ್ನಿಂಗ್ ತಾನು ಮಾಡಿದ ಬೆಂಚಿನ ಮೇಲೆ ಕೂತು ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡ, ಫೋಟೊಕ್ಕೆ ಕೂರುವವನ ಹಾಗೆ.

"ಲಮೈ, ನೀನೂ ಕೇಳು. ನೀನು ಹೊತ್ಕೊಂಡಿದ್ದ ಹರಕೆ" ಎಂದಳು ಥೋಂಗ್‌ಬಾಯ್. ಗಂಟಲು ಸರಿಮಾಡಿಕೊಂಡು, ಗಂಡನ ಕಿವಿಯ ಹತ್ತಿರ ಬಗ್ಗಿ, ಮಳಿಗೆಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು. "ಪುನ್ಯವೀ."

"ಅಬ್ಬಬ್ಬಾ! ಈಗಿನ ಹುಡುಗೀರ ಹೆಸರು! ಕಾಲೇಜಿಗೆ ಸೇರಿಸೋದಾ ಅಕ್ಕ ನಿನ್ನ?" ಎಂದಳು ಲಮೈ. "ಬ್ಯಾಂಕಿಗೆ, ಹೊಲಕ್ಕೆ, ಸ್ಕೂಟರಿಗೆ, ಎಲ್ಲದಕ್ಕೂ ಇನ್ನು ಈ ಹೆಸರು ಹಾಕಿಸ್ಬೇಕು. ಎಲ್ಲಾ ಕಾಗದ ನಾನೇ ಮಾಡ್ಕೊಡ್ತೀನಿ. ಹನ್ನೊಂದಾಗ್ತವೆ. ಲೆಕ್ಕ ನನಗೆ ಗೊತ್ತು."

ಹೆನ್ನಿಂಗ್ ಆ ಹೆಸರನ್ನು ಎರಡು ಸಲ ಹೇಳಿ ನೋಡಿದ. ಎರಡೂ ಸಲ ಬೇರೆ ಬೇರೆ ಥರ ಬಂತು. "ಚೆನ್ನಾಗಿದೆ" ಎಂದ. "ನಾನು ಯಾಯ್ ಅಂತಾನೇ ಕರೀತೀನಿ."

ಲಮೈ ಅವನ ಕಡತವನ್ನು ಎತ್ತಿಡಲು ತೆಗೆದಳು. ರಟ್ಟಿನ ಮೇಲೆ ಹೋದ ವರ್ಷ ಬರೆದಿದ್ದ ಪೆನ್ಸಿಲ್ಲಿನ ತಾರೀಖಿತ್ತು. ಅದನ್ನು ಉಜ್ಜಿ ಅಳಿಸಿದಳು. ಕೈ ಅಭ್ಯಾಸದಿಂದ ಮತ್ತೆ ಪೆನ್ಸಿಲ್ಲಿಗೇ ಹೋಯಿತು. ಮುಂದಿನ ನವೆಂಬರಿಗೆ ಮುದುಕನಿಗೆ ಎಂಬತ್ತು. ಕೋಟಿನ ಮೂರು ಕ್ಲಿಪ್ಪುಗಳು ನೆನಪಾದವು. ಸನಿತನ ಕ್ಯಾಲೆಂಡರೂ ನೆನಪಾಯಿತು. ಅವಳು ಪೆನ್ಸಿಲನ್ನು ಡಬ್ಬಿಯಲ್ಲಿ ಬಿಟ್ಟು, ಗಿರಾಕಿಗಳ ಸಹಿಗೆಂದು ದಾರ ಕಟ್ಟಿಟ್ಟಿದ್ದ ನೀಲಿ ಪೆನ್ನು ಎಳೆದುಕೊಂಡು ಬರೆದಳು: ನವೆಂಬರ್ ಇಪ್ಪತ್ತೊಂದು. ಅಂಕಿಗಳನ್ನು ಇನ್ನೊಂದು ಸಲ ಒತ್ತಿ ತಿದ್ದಿದಳು.

ಬೆಂಚಿನ ಮೇಲಿಂದ ಹೆನ್ನಿಂಗ್ ನೋಡುತ್ತಿದ್ದ. "ನೀನು ಪ್ರತಿ ವರ್ಷ ಪೆನ್ಸಿಲ್ಲಲ್ಲಿ ಬರೀತಿದ್ದೆ" ಎಂದ. "ಬಡಗಿಗಳೂ ಹಾಗೇ. ಕೊಯ್ಯೋ ತನಕ ಪೆನ್ಸಿಲ್ಲೇ."

"ಈ ವರ್ಷ ಪೆನ್ನು" ಎಂದಳು ಲಮೈ. "ತಪ್ಪಿಸ್ಕೋಬೇಡಿ ಲುಂಗ್. ಅಳಿಸೋಕೆ ಬರಲ್ಲ."

"ಕೊನೇ ದಿನದ ತನಕ ಕಾಯಲ್ಲ" ಎಂದ ಅವನು. "ಒಂದು ತಿಂಗಳು ಮುಂಚೆನೇ ಬರ್ತೀವಿ."